ಟವರ್ ಗಣಿ: ಮುಚ್ಚಿದ ಬಾಗಿಲನ್ನು ತಾವೇ ತೆರೆದವರು

ಬ್ರಿಟನ್ನಿನ ಸೌತ್ ವೇಲ್ಸ್‌ನ ಕಲ್ಲಿದ್ದಲು ಗಣಿಗಳ ಬಗ್ಗೆ ಓದುತ್ತಾ ಹೋದರೆ ಒಂದೇ ಬಗೆಯ ಕೊನೆ ಮತ್ತೆ ಮತ್ತೆ ಎದುರಾಗುತ್ತದೆ. ನೆಲದೊಳಗೆ ಇನ್ನೂ ಕಲ್ಲಿದ್ದಲು ಇರುತ್ತದೆ. ಅದನ್ನು ತೆಗೆಯಬಲ್ಲ ಜನ ಅಲ್ಲೇ ಊರಲ್ಲಿ ಇರುತ್ತಾರೆ. ಎಲ್ಲೋ ದೂರದ ಕಚೇರಿಯಲ್ಲಿ ಲೆಕ್ಕ ಹಾಕುತ್ತಾರೆ, ನಷ್ಟ ಅನ್ನುತ್ತಾರೆ, ಗಣಿ ಮುಚ್ಚುತ್ತದೆ. ಊರು ಉಳಿಯುತ್ತದೆ, ಊರಿಗೆ ಕೆಲಸ ಇರುವುದಿಲ್ಲ.

ಟವರ್ ಕಾಲಿಯರಿ, ಅಂದರೆ ಟವರ್ ಕಲ್ಲಿದ್ದಲು ಗಣಿ, ಹಾಗೆ ಮುಗಿಯಲಿಲ್ಲ. ಅದನ್ನೂ 1994ರಲ್ಲಿ ನಷ್ಟದ ಗಣಿ ಅಂತಲೇ ಮುಚ್ಚಿದ್ದರು. ಕೆಲಸ ಕಳೆದುಕೊಂಡವರೇ ದುಡ್ಡು ಕೂಡಿಸಿ ಅದನ್ನು ಕೊಂಡರು. ಹದಿಮೂರು ವರ್ಷ ನಡೆಸಿದರು. ಕೈಗೆಟುಕುವ ಕಲ್ಲಿದ್ದಲು ಮುಗಿದ ಮೇಲೆ ತಾವೇ ಮುಚ್ಚಿದರು. ವೇಲ್ಸ್ ರಾಜಧಾನಿ ಕಾರ್ಡಿಫ್‌ಗೆ ಬಂದು ನೆಲೆಸಿದ ಮೇಲೆ ನಾನು ಕೇಳಿದ ವೇಲ್ಸ್ ಕಥೆಗಳಲ್ಲಿ ಇಷ್ಟು ಆಳವಾಗಿ ಮನಸ್ಸಿಗೆ ಇಳಿದದ್ದು ಇನ್ನೊಂದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಕಾರ್ಡಿಫ್‌ನಿಂದ ಉತ್ತರಕ್ಕೆ ಹೋದರೆ ಕಿನನ್ ಕಣಿವೆ ಸಿಗುತ್ತದೆ. ಅಬರ್‌ಡೇರ್ ದಾಟಿ ಕಣಿವೆಯ ತಲೆಭಾಗಕ್ಕೆ ಬಂದರೆ ಹಿರ್‌ವೈನ್ ಊರು, ಅದರ ಪಕ್ಕ ರಿಗೋಸ್ ಹಳ್ಳಿ. ಹಿಂದೆ ಕ್ರೈಗ್ ಅ ಲಿನ್ ಬೆಟ್ಟ ಗೋಡೆಯ ಹಾಗೆ ಎದ್ದು ನಿಂತಿದೆ. ಎತ್ತರ ಸುಮಾರು 600 ಮೀಟರ್, ಅಷ್ಟೇ. ಆದರೆ ಬುಡದಲ್ಲಿ ನಿಂತು ನೋಡಿದರೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಆ ಬೆಟ್ಟದ ಕೆಳಗೇ ಟವರ್ ಗಣಿ.

ಈ ಕಡೆ ಮೊದಲು ಬಂದದ್ದು ಕಲ್ಲಿದ್ದಲಿನ ವ್ಯಾಪಾರವಲ್ಲ, ಕಬ್ಬಿಣ. ಹಿರ್‌ವೈನ್‌ನಲ್ಲಿ 1757ರಲ್ಲೇ ಕಬ್ಬಿಣದ ಕುಲುಮೆ ಶುರುವಾಯಿತು. ಕುಲುಮೆಗೆ ಬೇಕಾದ ಅದಿರು, ಸುಣ್ಣಕಲ್ಲು, ಕಲ್ಲಿದ್ದಲು ಎಲ್ಲವೂ ಹತ್ತಿರದಲ್ಲೇ ಸಿಗುತ್ತಿದ್ದವು. 1819ರಲ್ಲಿ ಇದು ಕ್ರಾಷೆ ಮನೆತನದ ಕೈಗೆ ಬಂತು. ಪಕ್ಕದ ಮರ್ಥರ್ ಟಿಡ್ವಿಲ್‌ನ ದೊಡ್ಡ ಕಬ್ಬಿಣದ ಕಾರ್ಖಾನೆಯ ಒಡೆಯರೂ ಇವರೇ. 1848ರಲ್ಲಿ ಈ ಮನೆತನ ಹಿರ್‌ವೈನ್ ಮೇಲಿನ ಬೆಟ್ಟದಲ್ಲಿ ಒಂದು ಗೋಪುರ ಕಟ್ಟಿಸಿತು. ಅದನ್ನೇ ಕ್ರಾಷೆ ಟವರ್ ಅನ್ನುತ್ತಾರೆ. 1864ರಲ್ಲಿ ಅದರ ಹತ್ತಿರ ಕಲ್ಲಿದ್ದಲು ತೆಗೆಯಲು ಬೆಟ್ಟಕ್ಕೆ ಓರೆಯಾದ ಸುರಂಗ ಕೊರೆದಾಗ, ಗಣಿಗೂ ಗೋಪುರದ ಹೆಸರೇ ಅಂಟಿಕೊಂಡಿತು. ಒಡೆಯನ ಗೋಪುರದ ಹೆಸರು ಹೊತ್ತ ಗಣಿ 130 ವರ್ಷದ ನಂತರ ಕೂಲಿಗಳ ಸ್ವಂತದ್ದಾಯಿತು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. 1831ರ ಜೂನ್‌ನಲ್ಲಿ ಮರ್ಥರ್‌ನಲ್ಲಿ ಕೂಲಿ ಕಡಿತ ಮತ್ತು ಸಾಲದ ಜಪ್ತಿಯ ವಿರುದ್ಧ ದಂಗೆ ಎದ್ದಿತು. ಆಗ ಹಿರ್‌ವೈನ್ ಬಯಲಿನಲ್ಲಿ ಸೇರಿದ ಜನ ಕರುವಿನ ರಕ್ತದಲ್ಲಿ ಅದ್ದಿದ ಬಟ್ಟೆಯನ್ನು ಬಾವುಟವಾಗಿ ಎತ್ತಿದರು ಎಂದು ಇಲ್ಲಿ ಹೇಳುತ್ತಾರೆ. ಕೋಲಿನ ತುದಿಗೆ ಒಂದು ಬ್ರೆಡ್ ಚುಚ್ಚಿದ್ದರಂತೆ. ಕಾರ್ಮಿಕರ ಗುರುತಾಗಿ ಬ್ರಿಟನ್ನಿನಲ್ಲಿ ಕೆಂಪು ಬಾವುಟ ಮೊದಲು ಹಾರಿದ್ದು ಇಲ್ಲೇ ಅನ್ನುವುದು ಈ ಊರಿನವರ ಹೆಮ್ಮೆ. ದಂಗೆಯನ್ನು ಸೈನ್ಯ ಅಡಗಿಸಿತು. ಡಿಕ್ ಪೆಂಡೆರಿನ್ ಎಂಬ ಯುವಕನನ್ನು ಅದೇ ಆಗಸ್ಟ್ 13ರಂದು ಕಾರ್ಡಿಫ್‌ನಲ್ಲಿ ಗಲ್ಲಿಗೆ ಹಾಕಿದರು. ಅವನು ತಪ್ಪು ಮಾಡಿರಲಿಲ್ಲ ಎಂದು ಇಲ್ಲಿನ ಜನ ಇವತ್ತಿಗೂ ನಂಬುತ್ತಾರೆ. ಟವರ್ ಗಣಿಯ ಜನ ಇಂಥ ನೆಲದವರು.

ಕಬ್ಬಿಣ ಹಿಂದೆ ಬಿದ್ದಿತು, ಕಲ್ಲಿದ್ದಲು ಮುಂದೆ ಬಂತು. ಇಲ್ಲಿನ ಕಲ್ಲಿದ್ದಲು ಹೊಗೆ ಕಡಿಮೆ, ಶಾಖ ಜಾಸ್ತಿ. ಆವಿ ಹಡಗುಗಳ ಕಾಲದಲ್ಲಿ ಇದಕ್ಕಿಂತ ಬೇಕಾದ್ದು ಇನ್ನೇನಿದೆ? ಬ್ರಿಟಿಷ್ ನೌಕಾಪಡೆ ಇದನ್ನೇ ಕೇಳುತ್ತಿತ್ತು. ಕಾರ್ಡಿಫ್ ಮತ್ತು ಬ್ಯಾರಿ ಬಂದರುಗಳಿಂದ ಪೋರ್ಟ್ ಸೈದ್, ಏಡನ್, ಬಾಂಬೆಗಳವರೆಗೆ ಈ ಕಲ್ಲಿದ್ದಲು ಹೋಗುತ್ತಿತ್ತು. ನಮ್ಮ ಕರಾವಳಿಯ ಮುಂದೆ ಹಾದು ಹೋದ ಎಷ್ಟೋ ಹಡಗುಗಳು ವೇಲ್ಸ್ ಕಲ್ಲಿದ್ದಲನ್ನೇ ಉರಿಸುತ್ತಿದ್ದವು. 1913ರಲ್ಲಿ ಸೌತ್ ವೇಲ್ಸ್‌ನಲ್ಲಿ ಸುಮಾರು 620 ಗಣಿಗಳು, 2.32 ಲಕ್ಷ ಕೆಲಸಗಾರರು. ಆ ಒಂದು ವರ್ಷ ತೆಗೆದದ್ದು 5.6 ಕೋಟಿ ಟನ್‌ಗಿಂತ ಜಾಸ್ತಿ.

ಅದೇ 1913ರ ಅಕ್ಟೋಬರ್ 14ರಂದು ಸೆಂಗೆನಿದ್ ಗಣಿಯಲ್ಲಿ ಸ್ಫೋಟವಾಯಿತು. 439 ಗಣಿಗಾರರು ಸತ್ತರು. ಅವರನ್ನು ಉಳಿಸಲು ಇಳಿದ ಒಬ್ಬನೂ ಸತ್ತ. ಬ್ರಿಟನ್ನಿನ ಗಣಿ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತ ಇಲ್ಲ. ಸುರಕ್ಷತಾ ನಿಯಮ ಮುರಿದದ್ದಕ್ಕೆ ಮ್ಯಾನೇಜರ್‌ಗೆ 24 ಪೌಂಡ್ ದಂಡ ಹಾಕಿದರು. ಕಂಪನಿಗೆ 10 ಪೌಂಡ್. ಒಂದು ಪತ್ರಿಕೆ ಮ್ಯಾನೇಜರ್‌ನ ದಂಡವನ್ನು ಸತ್ತವರ ಸಂಖ್ಯೆಯಿಂದ ಭಾಗಿಸಿ, ಒಂದು ಜೀವಕ್ಕೆ ಬಿದ್ದದ್ದು 1 ಶಿಲ್ಲಿಂಗ್ 1¼ ಪೆನ್ನಿ ಎಂದು ಬರೆಯಿತು. ಗಣಿಯ ಲೆಕ್ಕ ಯಾರು ಬರೆಯುತ್ತಾರೆ, ಅದರಲ್ಲಿ ಏನನ್ನು ಸೇರಿಸುತ್ತಾರೆ, ಏನನ್ನು ಬಿಡುತ್ತಾರೆ ಅನ್ನುವ ಪ್ರಶ್ನೆ ಅವತ್ತಿನಿಂದ ಈ ಕಣಿವೆಗಳನ್ನು ಬಿಟ್ಟಿಲ್ಲ.

ಟವರ್ ಈ ಲೋಕದಲ್ಲಿ ದೊಡ್ಡ ಹೆಸರಿನ ಗಣಿಯಲ್ಲ. 1935ರಲ್ಲಿ ಪೊವೆಲ್ ಡಫ್ರಿನ್ ಕಂಪನಿ ಅದನ್ನು ತೆಗೆದುಕೊಂಡಿತು. ಯುದ್ಧದ ನಡುವೆ, 1941ರಲ್ಲಿ, ನೇರ ಬಾವಿ ಕೊರೆಯಲು ಶುರು ಮಾಡಿದರು. 1947ರ ಜನವರಿ 1ರಂದು ಬ್ರಿಟನ್ನಿನ ಬೇರೆಲ್ಲ ಗಣಿಗಳ ಜೊತೆ ಇದೂ ಸರ್ಕಾರದ್ದಾಯಿತು. ಗಣಿಗಳ ಬಾಗಿಲಲ್ಲಿ ಫಲಕ ನೆಟ್ಟರು: ಈ ಗಣಿಯನ್ನು ಇನ್ನು ಮುಂದೆ ಜನರ ಪರವಾಗಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ ನಡೆಸುತ್ತದೆ ಅಂತ. ತಲೆಮಾರುಗಳ ಕಾಲ ಖಾಸಗಿ ಒಡೆಯರ ಕೈಕೆಳಗೆ ದುಡಿದವರಿಗೆ ಆ ದಿನ ದೊಡ್ಡ ಹಬ್ಬವಾಗಿತ್ತು. ಆದರೆ ಒಡೆಯ ಬದಲಾದ ಮಾತ್ರಕ್ಕೆ ಗಣಿಯ ಒಳಗಿನ ಅಪಾಯ ಬದಲಾಗುವುದಿಲ್ಲ. 1962ರ ಏಪ್ರಿಲ್ 12ರಂದು ಟವರ್‌ನಲ್ಲಿ ಅನಿಲ ಸ್ಫೋಟವಾಗಿ 9 ಜನ ಸತ್ತರು.

ಟವರ್‌ಗೆ ಈಗ ಇಳಿಯಲಾಗುವುದಿಲ್ಲ. ಒಳಗೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಬ್ಲೈನಾವನ್‌ನ ಬಿಗ್ ಪಿಟ್‌ಗೆ ಹೋಗಬೇಕು. 1980ರಲ್ಲಿ ಮುಚ್ಚಿದ ಆ ಗಣಿ ಈಗ ಮ್ಯೂಸಿಯಂ. ಕೆಳಗೆ ಕರೆದುಕೊಂಡು ಹೋಗುವವರಲ್ಲಿ ಗಣಿಯಲ್ಲಿ ದುಡಿದವರೇ ಇರುತ್ತಾರೆ. ಮೊದಲು ಫೋನ್, ಬ್ಯಾಟರಿ ವಾಚು, ಕಾರಿನ ರಿಮೋಟ್ ಕೀ ಎಲ್ಲ ತೆಗೆದಿಡಬೇಕು. ಕಿಡಿ ಹಾರಬಹುದಾದ ಯಾವುದೂ ಕೆಳಗೆ ಬರುವಂತಿಲ್ಲ. ತಲೆಗೆ ಹೆಲ್ಮೆಟ್, ಅದಕ್ಕೆ ದೀಪ. ಸೊಂಟದ ಬೆಲ್ಟಿಗೆ ಭಾರವಾದ ಬ್ಯಾಟರಿ. ಜೊತೆಗೆ ವಿಷಗಾಳಿ ತುಂಬಿದರೆ ಉಸಿರಾಡಲು ಒಂದು ಡಬ್ಬಿ. ಪಂಜರದಂಥ ಲಿಫ್ಟಿನಲ್ಲಿ 90 ಮೀಟರ್ ಕೆಳಗೆ.

ಅಲ್ಲಿ ನಮ್ಮ ಗೈಡ್ ತೋರಿಸಿದ ವಸ್ತುಗಳಲ್ಲಿ ಎರಡು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಒಂದು, ನಂಬರ್ ಕೊರೆದ ಹಿತ್ತಾಳೆಯ ಬಿಲ್ಲೆ. ಇಳಿಯುವ ಪ್ರತಿಯೊಬ್ಬನಿಗೂ ಅವನದೇ ಬಿಲ್ಲೆ. ಮೇಲೆ ಬಂದಾಗ ವಾಪಸು ಕೊಡಬೇಕು. ಅನಾಹುತವಾದರೆ ಒಳಗೆ ಯಾರು ಉಳಿದಿದ್ದಾರೆ ಎಂದು ಗೊತ್ತಾಗುತ್ತಿದ್ದದ್ದು ಬೋರ್ಡಿನ ಮೇಲೆ ಖಾಲಿ ಉಳಿದ ಮೊಳೆಗಳಿಂದ. ಇನ್ನೊಂದು, ಊಟದ ಡಬ್ಬಿ. ತಗಡಿನದು, ಬ್ರೆಡ್ ಹೋಳಿನ ಆಕಾರದ್ದೇ, ಮೇಲಿನ ಅಂಚು ಎರಡೂ ಕಡೆ ದುಂಡಗೆ. ಇಲಿಗಳು ಬಾಯಿ ಹಾಕದಿರಲಿ ಅಂತ ತಗಡು. ಡಬ್ಬಿಯ ಮುಚ್ಚಳ ಬಳಸಿ ಬಳಸಿ ಸವೆದು, ಅಂಚು ಬೆಳ್ಳಗಾಗಿತ್ತು. ಕೈ ತೊಳೆಯಲು ನೀರಿಲ್ಲದ ಕಡೆ ಬ್ರೆಡ್ಡಿನ ಒಂದು ಮೂಲೆ ಹಿಡಿದು ತಿಂದು, ಕಪ್ಪಾದ ಆ ಮೂಲೆಯನ್ನು ಎಸೆಯುತ್ತಿದ್ದರಂತೆ. ಇಂಥ ಕಡೆ ದಿನಾ ಎಂಟು ಗಂಟೆ, ಮೂವತ್ತು ನಲವತ್ತು ವರ್ಷ ದುಡಿದವರು ತಮ್ಮ ಗಣಿ ಉಳಿಯಲಿ ಎಂದು ಯಾಕೆ ಹೋರಾಡಿದರು? ಸುಮ್ನೆ ಮೇಲಿಂದ ನೋಡಿದರೆ ಇದು ಅರ್ಥವಾಗುವುದಿಲ್ಲ. ಗಣಿ ಹೋದರೆ ಕೆಲಸದ ಜೊತೆಗೆ ಕ್ಲಬ್ಬು, ವಾದ್ಯದ ತಂಡ, ಲೈಬ್ರರಿ, ರಗ್ಬಿ ಟೀಮು ಎಲ್ಲವೂ ಒಂದೊಂದಾಗಿ ಹೋಗುತ್ತಿದ್ದವು. ಪಕ್ಕದ ಕಣಿವೆಗಳಲ್ಲಿ ಹಾಗಾದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

1984ರ ಮಾರ್ಚ್‌ನಿಂದ 1985ರ ಮಾರ್ಚ್‌ವರೆಗೆ ಗಣಿ ಮುಚ್ಚುವುದರ ವಿರುದ್ಧ ಗಣಿಗಾರರು ನಡೆಸಿದ ದೊಡ್ಡ ಮುಷ್ಕರದಲ್ಲಿ ಸೌತ್ ವೇಲ್ಸ್ ಕೊನೆವರೆಗೂ ಬಿಗಿಯಾಗಿ ನಿಂತಿತ್ತು. ಸೋತ ಮೇಲೆ ಗಣಿಗಳು ಸಾಲಾಗಿ ಮುಚ್ಚಿದವು. ಬೆಟ್ಟದ ಆಚೆ ರೋಂದಾ ಕಣಿವೆಯ ಕೊನೆಯ ಗಣಿ ಮಾರ್ಡಿ. 1986ರಿಂದ ಅದರ ಕಲ್ಲಿದ್ದಲು ನೆಲದೊಳಗಿನಿಂದಲೇ ಟವರ್‌ಗೆ ಬಂದು ಅಲ್ಲಿಂದ ಮೇಲೇರುತ್ತಿತ್ತು. 1990ರ ಡಿಸೆಂಬರ್‌ನಲ್ಲಿ ಮಾರ್ಡಿಯೂ ಮುಚ್ಚಿತು. 1992ರ ಅಕ್ಟೋಬರ್‌ನಲ್ಲಿ ಮಂತ್ರಿ ಮೈಕಲ್ ಹೆಸೆಲ್ಟೈನ್ ಬ್ರಿಟನ್ನಿನಲ್ಲಿ ಉಳಿದಿದ್ದ 50 ಗಣಿಗಳಲ್ಲಿ 31ನ್ನು ಮುಚ್ಚುತ್ತೇವೆ ಎಂದರು. ವಿದ್ಯುತ್ ಕಂಪನಿಗಳು ಖಾಸಗಿಯಾಗಿದ್ದವು, ಅವು ಗ್ಯಾಸ್ ಕಡೆಗೆ ಓಡುತ್ತಿದ್ದವು. ಕಲ್ಲಿದ್ದಲಿಗೆ ಗಿರಾಕಿ ಇಲ್ಲ ಎಂಬುದು ಸರ್ಕಾರದ ವಾದ.

1994ರ ಏಪ್ರಿಲ್‌ನಲ್ಲಿ ಟವರ್ ಸರದಿ ಬಂತು. ಆ ಭಾಗದ ಸಂಸದೆ ಆ್ಯನ್ ಕ್ಲುಯಿಡ್ ಗಣಿಯ ಒಳಗೆ ಇಳಿದು, 27 ಗಂಟೆ ಅಲ್ಲೇ ಕೂತು ಪ್ರತಿಭಟಿಸಿದರು. ಕೆಲಸಗಾರರ ಮುಂದೆ ಇದ್ದ ಆಯ್ಕೆ ಮಾತ್ರ ಕ್ರೂರವಾಗಿತ್ತು. ಈಗಲೇ ಒಪ್ಪಿದರೆ ಹೆಚ್ಚಿನ ಪರಿಹಾರ, ಎಳೆದಾಡಿದರೆ ಅದು ಕೈತಪ್ಪುತ್ತದೆ. ಮನೆ ಸಾಲ ಇದ್ದವರು, ಮಕ್ಕಳಿದ್ದವರು ಏನು ಮಾಡುತ್ತಾರೆ? ಒಪ್ಪಿದರು. ಏಪ್ರಿಲ್ 22ರಂದು ಗಣಿ ಮುಚ್ಚಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬೇರೆ ಎಲ್ಲಾ ಕಡೆ ಮುಗಿದಿತ್ತು.

ಟೈರೋನ್ ಓಸಲಿವನ್ ಟವರ್‌ನ ಎಲೆಕ್ಟ್ರಿಷಿಯನ್. ಗಣಿಗಾರರ ಸಂಘದ ಅಲ್ಲಿನ ಕಾರ್ಯದರ್ಶಿ. ಅವರ ತಂದೆಯೂ ಟವರ್‌ನಲ್ಲಿ ದುಡಿದು, ಅಲ್ಲೇ ಅಪಘಾತದಲ್ಲಿ ತೀರಿಕೊಂಡವರು. ಸರ್ಕಾರ ಉಳಿದ ಗಣಿಗಳನ್ನು ಖಾಸಗಿಯವರಿಗೆ ಮಾರಲು ಹೊರಟಿತ್ತು. ಹಾಗಾದರೆ ನಾವೇ ಕೊಳ್ಳೋಣ ಎಂದು ಓಸಲಿವನ್ ಮತ್ತು ಅವರ ಜೊತೆಯವರು ತೀರ್ಮಾನಿಸಿದರು. 239 ಜನ ಮುಂದೆ ಬಂದರು. ತಲಾ 8,000 ಪೌಂಡ್. ಒಟ್ಟು 19 ಲಕ್ಷ ಪೌಂಡ್‌ಗಿಂತ ಜಾಸ್ತಿ. ಅದು ಕೆಲಸ ಕಳೆದುಕೊಂಡದ್ದಕ್ಕೆ ಸಿಕ್ಕಿದ ಪರಿಹಾರದ ಹಣ. ಮುಂದೆ ಕೆಲಸ ಸಿಗದಿದ್ದರೆ ಮನೆ ನಡೆಸಲು ಇದ್ದದ್ದು ಅದೊಂದೇ. ಆ 239 ಮನೆಗಳ ಅಡುಗೆಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಏನು ಮಾತಾಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮುಳುಗಿದರೆ ಎಲ್ಲಾ ಮುಳುಗುತ್ತಿತ್ತು.

ಇದು ಬರೀ ಆವೇಶದ ಕೆಲಸ ಆಗಿರಲಿಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಅವರು ಹೆಸರಾಂತ ಲೆಕ್ಕ ಪರಿಶೋಧಕ ಸಂಸ್ಥೆಯ ಸಲಹೆ ತೆಗೆದುಕೊಂಡರು, ಬ್ಯಾಂಕಿನ ಮುಂದೆ ಯೋಜನೆ ಇಟ್ಟರು. ಸೌತ್ ವೇಲ್ಸ್ ಗಣಿಗಳನ್ನು ಸರ್ಕಾರದ ಪರವಾಗಿ ನಡೆಸಿದ್ದ ಫಿಲಿಪ್ ವೀಕ್ಸ್ ಅವರನ್ನು ಅಧ್ಯಕ್ಷರಾಗಿ ಕರೆತಂದರು. ಮುಷ್ಕರದ ವರ್ಷ ಸರ್ಕಾರದ ಆ ಕುರ್ಚಿಯಲ್ಲಿದ್ದವರು ಅವರೇ. ಹತ್ತು ವರ್ಷದ ಹಿಂದೆ ಮೇಜಿನ ಆ ಕಡೆ ಕೂತವರನ್ನು ಈ ಕಡೆ ಕೂರಿಸಿಕೊಳ್ಳಲು ಎರಡೂ ಕಡೆಯವರಿಗೆ ದೊಡ್ಡ ಮನಸ್ಸು ಬೇಕು.

ಅವರ ಲೆಕ್ಕಕ್ಕೆ ಗಟ್ಟಿ ಆಧಾರ ಇತ್ತು. ಟವರ್ ಕಲ್ಲಿದ್ದಲು ಆಂಥ್ರಸೈಟ್ ಎಂಬ ತುಂಬಾ ಗಟ್ಟಿಯಾದ ಕಲ್ಲಿದ್ದಲಿಗೆ ಹತ್ತಿರದ್ದು. ಉರಿಯುವ ಅನಿಲಾಂಶ ಕಡಿಮೆ. ಸಾಮಾನ್ಯ ವಿದ್ಯುತ್ ಸ್ಥಾವರದ ಬಾಯ್ಲರಿನಲ್ಲಿ ಇದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಕಾರ್ಡಿಫ್‌ನ ಪಶ್ಚಿಮಕ್ಕೆ ಕಡಲ ತೀರದಲ್ಲಿದ್ದ ಅಬರ್‌ಥಾ ಸ್ಥಾವರವನ್ನು ಇಂಥ ವೇಲ್ಸ್ ಕಲ್ಲಿದ್ದಲಿಗೆ ಅಂತಲೇ ಕಟ್ಟಿದ್ದರು. ಅಂದರೆ ಹತ್ತಿರದಲ್ಲೇ ಒಬ್ಬ ದೊಡ್ಡ ಗಿರಾಕಿ. ಜೊತೆಗೆ ಯಾವ ಪದರ ಎಲ್ಲಿ ತೆಳುವಾಗುತ್ತದೆ, ಯಾವ ಚಾವಣಿ ನಂಬಲು ಬರುವುದಿಲ್ಲ ಅನ್ನುವುದು ಒಳಗೆ ದುಡಿದವರಿಗೆ ಗೊತ್ತಿತ್ತು. ಕಚೇರಿಯವರ ನಕ್ಷೆಯಲ್ಲಿ ಅದು ಬರೀ ಗೆರೆ.

1995ರ ಜನವರಿ 2ರಂದು ಅವರು ಸಂಘದ ಬಾವುಟ ಹಿಡಿದು, ಹೆಂಡತಿ ಮಕ್ಕಳ ಜೊತೆ ಮೆರವಣಿಗೆಯಲ್ಲಿ ಗಣಿಗೆ ವಾಪಸು ನಡೆದರು. ಆಗ ಇಡೀ ಯೂರೋಪಿನಲ್ಲೇ ಕೆಲಸಗಾರರ ಒಡೆತನದಲ್ಲಿದ್ದ ಇಂಥ ಆಳದ ಗಣಿ ಬೇರೆ ಇರಲಿಲ್ಲ ಎಂದು ಹೇಳುತ್ತಾರೆ. ಮೊದಲ ವರ್ಷವೇ ಗಣಿ ಲಾಭ ಮಾಡಿತು.

ಒಂದೇ ಗಣಿ. ಅದೇ ಪದರಗಳು, ಅದೇ ಜನ, ಅದೇ ಯಂತ್ರಗಳು. ಎಂಟು ತಿಂಗಳ ಹಿಂದೆ ನಷ್ಟ ಅಂದಿದ್ದರು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಮುಚ್ಚಿದ ನೂರಾರು ಗಣಿಗಳಲ್ಲಿ ಎಷ್ಟೋ ನಿಜವಾಗಿಯೂ ಬರಿದಾಗಿದ್ದವು. ಆದರೆ ಟವರ್ ನೋಡಿದ ಮೇಲೆ, ಬೇರೆ ಗಣಿಗಳ ಬಗ್ಗೆ ಹೇಳಿದ ಮಾತನ್ನು ಹಾಗೇ ನಂಬಲು ನನಗೆ ಆಗುವುದಿಲ್ಲ.

ಅವರು ಲಾಭವನ್ನು ಏನು ಮಾಡಿದರು ಎಂದು ನೋಡಿದರೆ ಅವರ ಮನಸ್ಸು ತಿಳಿಯುತ್ತದೆ. ಕೂಲಿ ಹೆಚ್ಚಿಸಿದರು. ಕಾಯಿಲೆ ಬಿದ್ದವರಿಗೆ ಸಂಬಳ ಕೊಟ್ಟರು. ಸುರಕ್ಷತೆಗೆ ಖರ್ಚು ಮಾಡಿದರು. ಊರಿನ ತಂಡಗಳಿಗೆ ನೆರವಾದರು. ಗಣಿಗಾರರ ಸಂಘವನ್ನೂ ಉಳಿಸಿಕೊಂಡರು. ಒಡೆಯರೂ ನಾವೇ, ಕೆಲಸಗಾರರೂ ನಾವೇ, ಹಾಗಿದ್ದರೆ ಸಂಘ ಯಾಕೆ ಅಂತ ಅನ್ನಿಸಬಹುದು ಅಲ್ವಾ? ಆದರೆ ಪಾಲುದಾರನಾಗಿ ನಿರ್ದೇಶಕರನ್ನು ಆರಿಸುವುದು ಒಂದು, ಶಿಫ್ಟಿನಲ್ಲಿ ಅನ್ಯಾಯವಾದರೆ ಹೇಳಿಕೊಳ್ಳುವುದು ಇನ್ನೊಂದು. ಎರಡಕ್ಕೂ ಜಾಗ ಬೇಕು ಎಂದು ಅವರಿಗೆ ಗೊತ್ತಿತ್ತು. ಜಗಳಗಳೇ ಇರಲಿಲ್ಲ ಎಂದಲ್ಲ. ನೂರಾರು ಜನ ಒಡೆಯರಿರುವ ಕಡೆ ಜಗಳ ಇಲ್ಲದೆ ಹೇಗೆ ಇರುತ್ತದೆ? 1999ರಲ್ಲಿ ಈ ಗಣಿಯ ಮೇಲೆ ವೇಲ್ಸ್‌ನ ಸಂಗೀತಗಾರ ಅಲನ್ ಹೊಡಿನಾಟ್ ಒಂದು ಆಪೆರಾ ಮಾಡಿದರು. ಹಾಡಿನ ಹುಚ್ಚಿರುವ ಈ ಕಣಿವೆಗಳಿಗೆ ಅದು ತಕ್ಕ ಮರ್ಯಾದೆ.

2008ರ ಜನವರಿ ಹೊತ್ತಿಗೆ ಆಳದಲ್ಲಿ ತೆಗೆಯಲು ಸಾಧ್ಯವಿದ್ದ ಕಲ್ಲಿದ್ದಲು ಮುಗಿದಿತ್ತು. ಜನವರಿ 25ರಂದು ಗಣಿ ಅಧಿಕೃತವಾಗಿ ಮುಚ್ಚಿತು. ಮತ್ತೆ ಅದೇ ದಾರಿಯಲ್ಲಿ ಮೆರವಣಿಗೆ. ಈ ಸಲ ಯಾರೂ ಅವರನ್ನು ಹೊರಗೆ ಹಾಕಿರಲಿಲ್ಲ. 1994ರಲ್ಲಿ ನಲವತ್ತು ದಾಟಿದ್ದವರು ಹದಿಮೂರು ವರ್ಷ ದುಡಿದು, ನಿವೃತ್ತಿಯ ಹತ್ತಿರ ಬಂದಿದ್ದರು. ಚಿಕ್ಕವರಿಗೆ ಬೇರೆ ಕೆಲಸ ಹುಡುಕಲು ಸಮಯ ಸಿಕ್ಕಿತ್ತು. ಒಂದು ಊರಿಗೆ ಹದಿಮೂರು ವರ್ಷ ಅಂದರೆ ಒಂದು ಮಗು ಶಾಲೆ ಸೇರಿ, ಓದು ಮುಗಿಸುವಷ್ಟು ಕಾಲ.

ಕಲ್ಲಿದ್ದಲಿನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆಯುವುದು ಸರಿಯೇ ಎಂದು ಕೆಲವರು ಕೇಳಬಹುದು. ಕಲ್ಲಿದ್ದಲು ಉರಿಸುವುದು ನಿಲ್ಲಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದು ಭೂಮಿಗೆ ಮಾಡಿದ ಹಾನಿ ದೊಡ್ಡದು, ತೆಗೆದವರ ಶ್ವಾಸಕೋಶಕ್ಕೆ ಮಾಡಿದ ಹಾನಿ ಇನ್ನೂ ದೊಡ್ಡದು. ಬೆಟ್ಟದ ಆಚೆ ಅಬರ್‌ವ್ಯಾನ್‌ನಲ್ಲಿ 1966ರ ಅಕ್ಟೋಬರ್ 21ರಂದು ಗಣಿಯ ಕಸದ ಗುಡ್ಡ ಜಾರಿ ಶಾಲೆಯ ಮೇಲೆ ಬಿದ್ದು 116 ಮಕ್ಕಳು, 28 ದೊಡ್ಡವರು ಸತ್ತರು. ಉಳಿದ ಗುಡ್ಡಗಳನ್ನು ತೆಗೆಯುವ ಖರ್ಚಿಗೆ, ಆ ಊರಿಗೆ ಜನ ಕೊಟ್ಟ ಪರಿಹಾರ ನಿಧಿಯಿಂದಲೇ 1.5 ಲಕ್ಷ ಪೌಂಡ್ ಕಿತ್ತುಕೊಂಡರು. 1997ರಲ್ಲಿ ಬಡ್ಡಿ ಇಲ್ಲದೆ ವಾಪಸು ಕೊಟ್ಟರು. 2011ರಲ್ಲೂ ಸ್ವಾನ್ಸಿ ಕಣಿವೆಯ ಗ್ಲೈಶನ್ ಎಂಬ ಪುಟ್ಟ ಗಣಿಗೆ ನೀರು ನುಗ್ಗಿ 4 ಜನ ಸತ್ತರು. ಹಾಗಾಗಿ ಗಣಿ ಹೋಗಬಾರದಿತ್ತು ಎಂದು ನಾನು ಹೇಳುವುದಿಲ್ಲ. ಹೇಗೆ ಹೋಗಬೇಕಿತ್ತು ಎನ್ನುವುದು ನನ್ನ ಮಾತು. 2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಿಂತಿತು. ಅದೇ ದಿನ ಸೌತ್ ವೇಲ್ಸ್‌ನ ಉಕ್ಕಿನ ಊರು ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಸ್ಟೀಲ್‌ನ ಕೊನೆಯ ಊದು ಕುಲುಮೆಯೂ ಆರಿತು. ಅಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮನೆಗಳಲ್ಲಿ ಹದಿಮೂರು ವರ್ಷದ ಅವಧಿ ಯಾರಿಗೂ ಸಿಗಲಿಲ್ಲ.

ಟವರ್ ಜಾಗದಲ್ಲಿ ಆಮೇಲೆ ಕೆಲವು ವರ್ಷ ಮೇಲ್ಮೈಯಿಂದ ತೋಡಿ ಕಲ್ಲಿದ್ದಲು ತೆಗೆದರು. ಈಗ ಅಲ್ಲಿ ಜಿಪ್ ಲೈನ್ ಇದೆ. 2021ರಲ್ಲಿ ಶುರುವಾಯಿತು. ಜನ ಬೆಟ್ಟದ ಮೇಲಿಂದ ಕೂಗುತ್ತಾ ಕೆಳಗೆ ಹಾರಿ ಬರುತ್ತಾರೆ. ಗಣಿಯ ಹಳೇ ಕಟ್ಟಡಗಳನ್ನು ಉಳಿಸಿಕೊಂಡಿದ್ದಾರೆ, ಅದು ಸಮಾಧಾನದ ವಿಷಯ. ಊರಿಗೆ ಒಂದಷ್ಟು ಕೆಲಸವೂ ಬಂದಿದೆ.

ಟೈರೋನ್ ಓಸಲಿವನ್ 2023ರ ಮೇ ತಿಂಗಳಲ್ಲಿ, 77ನೇ ವಯಸ್ಸಿನಲ್ಲಿ ತೀರಿಕೊಂಡರು. ಟವರ್ ಮುಚ್ಚಿದ 1994ರಲ್ಲೇ, ಗಣಿಗಳನ್ನು ಖಾಸಗಿಗೆ ಮಾರುವಾಗ, ಸರ್ಕಾರ ಗಣಿಗಾರರ ಪಿಂಚಣಿ ನಿಧಿಗೆ ಖಾತರಿ ಕೊಟ್ಟು, ಅದಕ್ಕೆ ಬದಲಾಗಿ ನಿಧಿಯ ಮಿಗತೆಯಲ್ಲಿ ಅರ್ಧ ತನಗೆ ಎಂದು ಬರೆಸಿಕೊಂಡಿತ್ತು. ಆ ಒಪ್ಪಂದದಿಂದ ಸರ್ಕಾರಕ್ಕೆ ನೂರಾರು ಕೋಟಿ ಪೌಂಡ್ ಬಂತು. ಮುದುಕರಾದ ಗಣಿಗಾರರು ವರ್ಷಗಟ್ಟಲೆ ಅರ್ಜಿ ಹಾಕಿದರು, ಪಾರ್ಲಿಮೆಂಟಿನ ಮುಂದೆ ನಿಂತರು. ಕೊನೆಗೆ 2024ರ ಅಕ್ಟೋಬರ್ ಬಜೆಟ್‌ನಲ್ಲಿ ನಿಧಿಯಿಂದ ತೆಗೆದಿರಿಸಿದ್ದ 150 ಕೋಟಿ ಪೌಂಡ್ ಅವರಿಗೆ ವಾಪಸು ಬಂತು. ಬದುಕಿ ಉಳಿದಿದ್ದ ಸುಮಾರು 1.12 ಲಕ್ಷ ಜನರ ಪಿಂಚಣಿ ಶೇ. 32ರಷ್ಟು ಏರಿತು. ತಲಾ ಸರಾಸರಿ ವಾರಕ್ಕೆ 29 ಪೌಂಡ್. ಅದಕ್ಕೆ ಮೂವತ್ತು ವರ್ಷ ಹಿಡಿಯಿತು.